ಉಪ್ಪುನೀರಿನ ಹಿಂಡು

ಗಡಿಭಾಗದ ಸೋನ್ಯಾಳದ ನಂದಾ ಪಶುವೈದ್ಯಕೀಯ ಡಿಪ್ಲೊಮಾ ಮುಗಿಸಿ, ಮೋಟರ್‌ಸೈಕಲ್ಲಿನ ಮೇಲೆ ಊರೂರು ತಿರುಗಿ ಕುರಿ–ಆಡುಗಳಿಗೆ ಔಷಧ ಮಾಡುತ್ತಿದ್ದವಳು. ಕುರಿಮರಿಗಳ ಕರುಳುಬೇನೆಗೆ ಪುಣೆಯ ಸಂಸ್ಥೆಯೊಂದು ಹೊಸ ಲಸಿಕೆ ತಯಾರಿಸಿ, ಅದನ್ನು ಮಾಡಗ್ಯಾಳದ ಸುತ್ತಲಿನ ಹಿಂಡುಗಳಲ್ಲಿ ಪರೀಕ್ಷಿಸಲು ಹೊರಟಾಗ ಇಲ್ಲಿಯ ಹೊಣೆಯನ್ನೆಲ್ಲ ಅವಳಿಗೇ ವಹಿಸಿತು. ಹಿಂಡುಗಳನ್ನು ಆರಿಸುವುದು, ಮರಿಗಳ ಕಿವಿಗೆ ಗುರುತಿನ ಓಲೆ ಹಾಕುವುದು, ರಕ್ತ ತೆಗೆದು ಮಂಜುಗಡ್ಡೆಯ ಡಬ್ಬಿಯಲ್ಲಿ ಪುಣೆಗೆ ಕಳಿಸುವುದು ಎಲ್ಲ ಅವಳ ಕೆಲಸ.

ಕಷ್ಟವಾದದ್ದು ಕುರಿಗಾರರನ್ನು ಒಪ್ಪಿಸುವುದು. ಅರ್ಧ ಹಿಂಡುಗಳಿಗೆ ನಿಜವಾದ ಲಸಿಕೆ, ಉಳಿದರ್ಧಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂಬುದು ನಂದಾಳಿಗೂ ತಿಳಿಯದು. ಮೇಲಾಗಿ, ಅಧ್ಯಯನ ಮುಗಿಯುವವರೆಗೆ ಸರಕಾರಿ ದವಾಖಾನೆಯ ಹಳೆಯ ಲಸಿಕೆಯನ್ನೂ ಹಾಕಿಸುವಂತಿಲ್ಲ. ಅವಳು ಇದನ್ನು ಮುಚ್ಚಿಡದೆ ಹೇಳಿದಳು. ಬಹಳ ಮಂದಿ ಎದ್ದು ಹೋದರು. ದೂರದ ಸಂಬಂಧದಲ್ಲಿ ಕಾಕಾ ಆಗಬೇಕಾದ ಬಸಗೊಂಡ ಮಾತ್ರ ಕುಳಿತೇ ಇದ್ದ.

"ನಂದವ್ವಾ, ನಮಗ ನೀರ ಬಂದ್ರ?"

"ಬರಬಹುದ್ರಿ ಕಾಕಾ. ಬ್ಯಾನಿ ಕಂಡ್ರ ನಾ ಓಡಿ ಬರ್ತೀನ್ರಿ."

"ಹಂಗಿದ್ರ ಹಾಕವ್ವ. ನಿನ್ನ ಮ್ಯಾಲ ಭರೋಸಾ ಐತಿ."

ಅವನು ಒಪ್ಪಿದ್ದನ್ನು ಕಂಡು ಉಳಿದವರೂ ಬಂದರು.

ಆ ವರ್ಷ ಮಳೆ ಚೆನ್ನಾಗಿ ಬಿತ್ತು. ಗುಡ್ಡವೆಲ್ಲ ಹಸಿರಾಯಿತು. ಕರುಳುಬೇನೆಗೆ ಅದೇ ಕಾಲ. ಎಳೆಹುಲ್ಲು ಮೇಯ್ದು ಮೈತುಂಬಿಕೊಂಡ ಮರಿಗಳೇ ಮೊದಲು ಸಾಯುತ್ತವೆ. ಒಂದು ಬೆಳಗ್ಗೆ ಬಸಗೊಂಡ ಫೋನ್ ಮಾಡಿದ. ನಂದಾ ತಲುಪುವಷ್ಟರಲ್ಲಿ ದೊಡ್ಡಿಯೊಳಗೆ ಮರಿಗಳು ಕತ್ತು ಹಿಂದಕ್ಕೆ ಸೆಟೆದು ಕಾಲು ಬಡಿಯುತ್ತಿದ್ದವು. ಬಸಗೊಂಡನ ಹೆಂಡತಿ ಸಂಗವ್ವ ಒಂದರ ಬಾಯಿಯ ನೊರೆಯನ್ನು ಸೆರಗಿನಿಂದ ಒರೆಸುತ್ತ ಕುಳಿತಿದ್ದಳು. ಅದು ಅವಳ ತೊಡೆಯ ಮೇಲೆಯೇ ಸತ್ತಿತು.

ನಂದಾ ಅಲ್ಲಿಂದಲೇ ಪುಣೆಗೆ, ಅಧ್ಯಯನದ ಮುಖ್ಯಸ್ಥೆ ರೂಪಾಲಿ ಮೇಡಂಗೆ ಫೋನ್ ಹಚ್ಚಿದಳು. ಇದನ್ನು ನಿಲ್ಲಿಸಿ ಎಲ್ಲ ಹಿಂಡುಗಳಿಗೂ ಹಳೆಯ ಲಸಿಕೆ ಹಾಕೋಣವೆಂದು ಮರಾಠಿಯಲ್ಲಿ ಬೇಡಿಕೊಂಡಳು. ರೂಪಾಲಿ ಕೆಟ್ಟವಳಲ್ಲ, ಎಷ್ಟು ಮರಿಗಳು ಹೋದವೆಂದು ಎರಡು ಸಲ ಕೇಳಿದಳು. ಆದರೂ ಸಂಸ್ಥೆಯ ಸಮಿತಿ ಕೂಡಿ ನಿರ್ಧರಿಸುವತನಕ ಏನೂ ಮಾಡಬೇಡ, ಈಗ ಕೈಹಾಕಿದರೆ ಇಷ್ಟು ದಿನದ ಕೆಲಸವೆಲ್ಲ ವ್ಯರ್ಥ ಎಂದಳು.

ನಂದಾ ಕಾದಳು. ದವಾಖಾನೆಯ ಫ್ರಿಜ್ಜಿನಲ್ಲಿ ಲಸಿಕೆ ಇತ್ತು, ಕೇಳಿದ್ದರೆ ಕೊಡುತ್ತಿದ್ದರು. ಆದರೂ ಕಾದಳು. ದಿನವೂ ಹೋಗಿ ಸತ್ತ ಮರಿಗಳ ಹೊಟ್ಟೆ ಕೊಯ್ದು, ಕರುಳಿನ ತುಣುಕು ಪುಣೆಗೆ ಕಳಿಸಿದಳು. ವಾರದ ಮೇಲೆ ಅನುಮತಿ ಬಂತು. ಆದರೆ ಹಳೆಯ ಲಸಿಕೆ ಹಾಕುವ ಮುಂಚೆ ಉಳಿದ ಮರಿಗಳ ರಕ್ತವನ್ನು ಕೊನೆಯ ಬಾರಿ ತೆಗೆಯಬೇಕಿತ್ತು.

ಸಂಗವ್ವ ದೊಡ್ಡಿಯ ಬಾಗಿಲಿಗೆ ಅಡ್ಡ ನಿಂತಳು. "ಸಾಯೂ ಮುಂದ ನೋಡ್ಕೋತ ನಿಂತಿ. ಈಗ ಉಳಿದಾವಿಂದೂ ರಕ್ತ ಹೀರ್ತಿ ಏನ?"

"ನಿಮಗ ಬ್ಯಾಡಾದ್ರ ತಗಿಯೂದಿಲ್ರಿ ಕಾಕು. ಇಂಜೆಕ್ಷನ್ ಅಷ್ಟ ಮಾಡಿ ಹೋಗ್ತೀನ್ರಿ."

ಬಸಗೊಂಡ ಒಂದು ಮರಿಯನ್ನು ಎತ್ತಿ ತಂದು ತೊಡೆಯ ನಡುವೆ ಅವುಚಿಕೊಂಡು ಕುಳಿತ. "ತಗಿ. ಅರ್ಧಕ್ಕ ಬಿಟ್ರ ಸತ್ತಾವು ಸುಮ್ನ ಸತ್ತಂಗ ಆಗ್ತೈತಿ."

ನಂದಾ ಎರಡು ಸಲ ಚುಚ್ಚಿದರೂ ನರ ಸಿಗಲಿಲ್ಲ. ಅವನೇ ಮರಿಯ ಕತ್ತನ್ನು ಬೆಳಕಿಗೆ ತಿರುಗಿಸಿ ಹಿಡಿದ.

ಅಂದು ಹಾಕಿದ ಹಳೆಯ ಲಸಿಕೆ ಮೈಗೆ ಹತ್ತಲು ಇನ್ನೂ ದಿನಗಳು ಬೇಕಿದ್ದವು. ಅಷ್ಟರಲ್ಲಿ ಆ ಮರಿಯೂ ಹೋಯಿತು. ತಾಯಿಕುರಿಗಳು ಬಿಗಿದ ಕೆಚ್ಚಲು ಹೊತ್ತು ಒದರುತ್ತ ತಿರುಗಿದವು.

ಯಾರಿಗೆ ಯಾವುದು ಎಂಬ ಪಟ್ಟಿಯನ್ನು ಕೊನೆಗೆ ತೆರೆದಾಗ, ಹೊಸ ಲಸಿಕೆ ಗೆದ್ದಿತ್ತು. ಅದು ಬಿದ್ದ ಹಿಂಡುಗಳಲ್ಲಿ ಸಾವು ಇಲ್ಲವೆನ್ನುವಷ್ಟು ಕಡಿಮೆ. ಪುಣೆಯ ಸಭೆಯಲ್ಲಿ ನಂದಾಳಿಗೆ ಶಾಲು ಹೊದಿಸಿದರು. ಮರುದಿನವೇ ಅವಳು ಬಸಗೊಂಡನ ಮನೆಗೆ ಹೋಗಿ, "ನಿಮಗ ಬಿದ್ದದ್ದು ನೀರ್ರಿ ಕಾಕಾ" ಎಂದಳು.

"ಗೊತ್ತಿತ್ತ ಬಿಡವ್ವ" ಎಂದ ಬಸಗೊಂಡ. ಸಂಗವ್ವ ಎದ್ದು ಒಳಗೆ ಹೋದಳು.

ಮುಂದಿನ ಅಧ್ಯಯನಕ್ಕೆ ಪುಣೆಯವರಿಂದ ಕರೆ ಬಂದಾಗ ನಂದಾ ಒಂದೇ ಮಾತು ಕೇಳಿದಳು: ಮರಿಗಳು ಸಾಯತೊಡಗಿದರೆ ಯಾರನ್ನೂ ಕೇಳದೆ ನಿಲ್ಲಿಸುವ ಅಧಿಕಾರ ತನಗೆ ಬೇಕು. ವಿಚಾರ ಮಾಡುತ್ತೇವೆ ಎಂದರು. ಮತ್ತೆ ಕರೆ ಬರಲಿಲ್ಲ. ಅವಳು ಈಗಲೂ ಊರೂರು ತಿರುಗುತ್ತಾಳೆ. ಸಂಖದ ಸಂತೆಯಲ್ಲಿ ಎದುರಾದರೆ ಬಸಗೊಂಡ ನಿಂತು ಮಾತಾಡಿಸುತ್ತಾನೆ. ಸಂಗವ್ವ ದಾಟಿ ಹೋಗುತ್ತಾಳೆ. ನಂದಾ ಅವಳನ್ನು ತಡೆಯುವುದಿಲ್ಲ.