ಒಂದು ಹಳೇದು ಒಳಗೈತಿ

ಹೋದ ವಾರ ನಾರಾಯಣಪೇಟೆಯ ಗ್ಯಾರೇಜಿನಲ್ಲಿ ನನ್ನ ಬೈಕಿನ ಇಂಜಿನ್ ಬಿಚ್ಚಿದರು. ಸೀಮೆಎಣ್ಣೆಯಲ್ಲಿ ತೊಳೆದ ಕಬ್ಬಿಣದ ವಾಸನೆ, ಅದರೊಳಗೆ ಸುಟ್ಟ ಆಯಿಲ್‌ನ ಕಮಟು... ಮೂಗಿಗೆ ಬಡಿದದ್ದೇ ತಡ, ಮಕ್ತಲಿನ ಬೈಕ್ ರಿಪೇರಿ ಮೇಸ್ತ್ರಿ ನೆನಪಾದರು. ಅವರನ್ನು ನೆನೆಯಬಾರದು ಎಂದು ಎಂಟು ವರ್ಷ ಹಟ ಹಿಡಿದಿದ್ದೆ. ವಾಸನೆಗೆ ನನ್ನ ಹಟ ಗೊತ್ತಿಲ್ಲವಲ್ಲ.

ಆಗ ನನಗೆ ಇಪ್ಪತ್ತಾರು. ವಾರಕ್ಕೆರಡು ಸಲ ಗದ್ವಾಲಕ್ಕೆ ಹೋಗಿ ನೇಕಾರರ ಮನೆಗಳಿಂದ ಸೀರೆ ಕಟ್ಟಿಕೊಂಡು, ಮಕ್ತಲ್ ಮೇಲೆ ಹಾದು ನಾರಾಯಣಪೇಟೆಯ ಅಂಗಡಿಗೆ ಮುಟ್ಟಿಸುವುದು ನನ್ನ ಕೆಲಸ. ಭಾನುವಾರ ಬೆಳಿಗ್ಗೆ ಮಕ್ತಲಿನ ಹೊರಗೆ, ಇನ್ನೂ ಸಂಚಾರಕ್ಕೆ ಬಿಡದ ಹೊಸ ರಸ್ತೆಯ ಮೇಲೆ ಬೈಕಿನವರು ಸೇರುತ್ತಿದ್ದರು. ಇಬ್ಬಿಬ್ಬರಾಗಿ ಎರಡು ಫರ್ಲಾಂಗು ನೆಟ್ಟಗೆ ಓಡಿಸುವುದು, ಅಷ್ಟೇ ಆಟ. ನಾನು ಪ್ರತಿ ಸಲವೂ ಸೋಲುತ್ತಿದ್ದೆ. ಸೀರೆ ಗಂಟು ಬಂತು, ದಾರಿ ಬಿಡಿ ಎಂದು ನಗುತ್ತಿದ್ದರು. ಆ ನಗು ಚುಚ್ಚುತ್ತಿತ್ತು. ಒಂದೇ ಒಂದು ಸಲ ಗೆಲ್ಲಬೇಕು ಎಂಬುದು ತಲೆಗೆ ಹತ್ತಿತ್ತು. ಆದರೆ ಸೋಮವಾರ ಅದೇ ಗಾಡಿ ಗಂಟು ಹೊರಬೇಕು. ಇನ್ನೊಂದು ಗಾಡಿ ನನಗೆಲ್ಲಿಂದ ಬರಬೇಕು?

ಹೈದರಾಬಾದಿಗೆ ಹೋಗಿ ಕಂಡದ್ದರಲ್ಲೆಲ್ಲ ದೊಡ್ಡದನ್ನೇ ಆರಿಸಿ ತಂದೆ. ಹೊಸ ಪಿಸ್ಟನ್, ದೊಡ್ಡ ಕಾರ್ಬುರೇಟರ್, ಅಗಲ ಸೈಲೆನ್ಸರ್. ಜೊತೆಗೊಂದು ಕ್ಯಾಮ್. ಕ್ಯಾಮ್ ಎಂದರೆ ಇಂಜಿನ್ನಿನ ವಾಲ್ವುಗಳನ್ನು ಎತ್ತಿ ಇಳಿಸುವ, ಮೈಮೇಲೆ ಉಬ್ಬುಗಳಿರುವ ಕಡ್ಡಿ. ಮಾರಿದವನು ಇದು ರೇಸಿಗೆಂದೇ ಮಾಡಿದ್ದು ಎಂದಿದ್ದ.

ಮೇಸ್ತ್ರಿ ಗದ್ವಾಲದ ನೇಕಾರರ ಮನೆಯವರು. ಮಗ್ಗ ಬಿಟ್ಟು ನಟ್ಟು ಬಿಚ್ಚುವ ಪಾನಾ ಹಿಡಿದಿದ್ದರು. ಗಿರಾಕಿಗಳ ಜೊತೆ ಕನ್ನಡ, ಇಂಜಿನ್ನಿನ ಜೊತೆ ತೆಲುಗು, ಸಿಟ್ಟು ಬಂದರೆ ಉರ್ದು... ನನ್ನ ಸಾಮಾನನ್ನು ಒಂದು ಹಳೆಯ ಸೀರೆಯ ಮೇಲೆ ಸಾಲಾಗಿ ಇಟ್ಟು, ಒಂದೊಂದನ್ನೇ ಎತ್ತಿ, ಇದು ಯಾರ ಜೋಡಿ ಎಂದು ಕೇಳತೊಡಗಿದರು. ನನಗೆ ತಲೆಬುಡ ತಿಳಿಯಲಿಲ್ಲ. ಎಲ್ಲವೂ ಒಳ್ಳೆಯವೇ ಅಲ್ಲವೇ ಎಂದೆ.

"ಒಳ್ಳೇವು ಅದಾವ ತಮ್ಮಾ. ಒಂದರ ಮಾತು ಒಂದು ಕೇಳಬೇಕಲ್ಲ," ಎಂದರು.

ಮೂರು ದಿನ ಅವರ ಎದುರು ಕೂತೆ. ಮೊದಲ ದಿನ ಕಾರ್ಬುರೇಟರ್ ಇರಲಿ, ಸೈಲೆನ್ಸರ್ ಬೇಡ ಎಂದರು. ಮರುದಿನ ಸೈಲೆನ್ಸರ್ ಇರಲಿ, ಆದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ಜೆಟ್ ಬದಲಿಸಬೇಕು ಎಂದರು. ಮೂರನೇ ದಿನ ಪಿಸ್ಟನ್ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಗಂಟು ಎಷ್ಟು ಭಾರ, ಜೂರಾಲ ಅಣೆಕಟ್ಟು ದಾಟಿದ ಮೇಲಿನ ಏರನ್ನು ಯಾವ ಗೇರಿನಲ್ಲಿ ಹತ್ತುತ್ತೀ ಎಂದೆಲ್ಲ ಕೇಳಿದರು. ನಾನು ರೇಸಿನ ಮಾತಾಡಿದರೆ ಅವರು ಗಂಟಿನ ಮಾತು ತೆಗೆಯುತ್ತಿದ್ದರು. ದಿನದಿನಕ್ಕೂ ನನಗೆ ತಿಳಿದದ್ದು ಕಡಿಮೆಯಾಗುತ್ತಾ ಹೋಯಿತು.

ಅವರದೊಂದು ರೂಢಿ ಮಕ್ತಲಿಗೆಲ್ಲ ಗೊತ್ತಿತ್ತು. ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆ, ಮುಗಿದಾಗ ನೇಕಾರರು ಅದನ್ನು ಪೂರ್ತಿ ಬಿಚ್ಚಿ ತೆಗೆಯುವುದಿಲ್ಲ. ಹಳೆಯ ಎಳೆಗಳ ತುದಿಯನ್ನು ಮಗ್ಗದಲ್ಲೇ ಬಿಟ್ಟು, ಹೊಸ ಎಳೆಗಳನ್ನು ಒಂದೊಂದಾಗಿ ಅವಕ್ಕೆ ಹೊಸೆಯುತ್ತಾರೆ. ಹಳೆಯದು ಹೊಸದನ್ನು ಒಳಗೆ ಎಳೆದುಕೊಳ್ಳುತ್ತದೆ. ಮೇಸ್ತ್ರಿಯೂ ಹಾಗೆಯೇ, ಯಾವ ಇಂಜಿನ್ ಹೊಸದಾಗಿ ಕಟ್ಟಿದರೂ ಹಳೆಯದೊಂದನ್ನು ಒಳಗೆ ಉಳಿಸುತ್ತಿದ್ದರು. ನನ್ನದರಲ್ಲಿ ಮಾತ್ರ ಅದು ಬೇಡ, ಎಲ್ಲವೂ ಹೊಸದೇ ಇರಲಿ ಎಂದು ನಾನು ಹೇಳಿದ್ದೆ. ಅವರು ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ.

ಭಾನುವಾರ ಬಂತು. ಕ್ಲಚ್ ಬಿಟ್ಟ ಕೂಡಲೇ ಗಾಡಿ ನೆಗೆಯಿತು. ಒಂದು ಗಾಡಿಯಷ್ಟು ಮುಂದಿದ್ದೆ, ನಗುವವರ ಬಾಯಿ ಕಟ್ಟಿತ್ತು. ಕೊನೆಯ ಅರ್ಧ ಫರ್ಲಾಂಗಿನಲ್ಲಿ ಇಂಜಿನ್ನಿಗೆ ಉಸಿರು ಸಾಲದಂತಾಯಿತು... ಪಕ್ಕದವನು ಅರ್ಧ ಚಕ್ರದಷ್ಟು ಮುಂದೆ ಹೋದ.

ನೇರ ಮೇಸ್ತ್ರಿಯ ಅಂಗಡಿಗೆ ಹೋಗಿ, ಎಲ್ಲವೂ ಹೊಸದೇ ಹಾಕಿದಿರಾ ಎಂದು ಕೇಳಿದೆ. ಅವರು ಮುಚ್ಚಿಡಲಿಲ್ಲ.

"ಒಂದು ಹಳೇದು ಒಳಗೈತಿ. ಹುಡುಕಬ್ಯಾಡ, ಓಡ್ಸು."

"ನೀವು ಮಗ್ಗಕ್ಕ ಹೋಗ್ರಿ ಮೇಸ್ತ್ರಿ," ಎಂದೆ. "ಇದು ನಿಮ್ಮ ಕೈಲಿ ಆಗೋ ಕೆಲಸ ಅಲ್ರಿ."

ನಾಲ್ಕು ಮಂದಿ ಗಿರಾಕಿಗಳು ಕೇಳಿಸಿಕೊಂಡರು. ಮೇಸ್ತ್ರಿ ಕೈ ಒರೆಸಿಕೊಂಡು ಬೇರೆ ಗಾಡಿಯ ಕಡೆ ತಿರುಗಿದರು. ಆಮೇಲೆ ನಾನು ಆ ಓಣಿಗೆ ಕಾಲಿಡಲಿಲ್ಲ. ಮಕ್ತಲಿನಲ್ಲಿ ಸುತ್ತು ಹಾಕಿ ಹೋಗುತ್ತಿದ್ದೆ. ಅದೇ ಇಂಜಿನ್ ಎಂಟು ವರ್ಷ ಗಂಟು ಹೊತ್ತಿತು, ಒಂದು ದಿನವೂ ದಾರಿಯಲ್ಲಿ ಕೈಬಿಡಲಿಲ್ಲ. ಅದು ನನ್ನ ಕಣ್ಣಿಗೆ ಬೀಳದೆ ಇರಲಿಲ್ಲ. ಸುತ್ತು ಹಾಕುವುದನ್ನು ಮಾತ್ರ ಬಿಡಲಿಲ್ಲ.

ಎರಡು ವರ್ಷದ ಹಿಂದೆ ಗದ್ವಾಲದಲ್ಲಿ ನೇಕಾರರೊಬ್ಬರು ಸೀರೆ ಮಡಚುತ್ತಾ, ಮೇಸ್ತ್ರಿ ತೀರಿಹೋದರು ಎಂದು ಹೇಳಿದರು. ಹೌದಾ ಎಂದು ನಾನು ಗಂಟು ಕಟ್ಟಿದೆ. ಜೂರಾಲದ ಹತ್ತಿರ ಗಾಡಿ ನಿಲ್ಲಿಸಿ ಎಷ್ಟು ಹೊತ್ತು ಕೂತೆನೋ, ಲೆಕ್ಕವಿಲ್ಲ.

ಹೋದ ವಾರ ಗ್ಯಾರೇಜಿನವರು ಒಂದು ಕಡ್ಡಿ ಹಿಡಿದು ತೋರಿಸಿದರು. ಒಳಗಿನದೆಲ್ಲ ಬೇರೆ ಸಾಮಾನು, ಕ್ಯಾಮ್ ಒಂದೇ ಗಾಡಿಯ ಜೊತೆ ಬಂದದ್ದು ಎಂದರು. ರೇಸಿನ ಕ್ಯಾಮ್ ಹಾಕಿದ್ದರೆ ಗೆಲ್ಲುತ್ತಿದ್ದೆನೇ ಎಂದು ಕೇಳಿದೆ. ಅವತ್ತು ಗೆಲ್ಲುತ್ತಿದ್ದಿರಿ, ಮರುದಿನ ಗಂಟು ಹೊತ್ತು ಏರು ಹತ್ತುತ್ತಿರಲಿಲ್ಲ ಎಂದರು. ಪಕ್ಕದಲ್ಲಿದ್ದ ಅವರ ಅಣ್ಣ ಒಪ್ಪಲಿಲ್ಲ. ರೇಸಿನ ಕ್ಯಾಮಿಗೆ ವೇಗ ಏರಿದ ಮೇಲೆಯೇ ಬಲ, ಅದು ಎಚ್ಚರಗೊಳ್ಳುವಷ್ಟರಲ್ಲಿ ಎರಡು ಫರ್ಲಾಂಗು ಮುಗಿದಿರುತ್ತಿತ್ತು ಎಂದರು. ಅಣ್ಣತಮ್ಮಂದಿರು ವಾದಕ್ಕೆ ಕೂತರು. ಯಾರದು ಸರಿಯೋ ನನಗೆ ಇವತ್ತಿಗೂ ಗೊತ್ತಿಲ್ಲ. ನನಗೆ ಹೇಳಿ ಮಾಡಬಹುದಿತ್ತಲ್ಲ ಎಂಬ ಸಿಟ್ಟು ಇನ್ನೂ ಇದೆ. ಅವರ ಮುಂದೆ ತಪ್ಪಾಯಿತು ಅನ್ನಲಿಲ್ಲವಲ್ಲ ಎಂಬ ಸಂಕಟವೂ ಇದೆ. ಎರಡೂ ಒಂದಕ್ಕೊಂದು ಕೂಡುತ್ತಿಲ್ಲ.

ಕ್ಯಾಮ್ ಸವೆದು ಹೋಗಿತ್ತು, ಬದಲಿಸಲೇಬೇಕಿತ್ತು. ಉಳಿದದ್ದೂ ಹೊಸದೇ ಹಾಕಿಬಿಡಲೇ ಎಂದು ಕೇಳಿದರು. ಬೇಡ, ಒಂದು ಹಳೆಯದು ಒಳಗಿರಲಿ ಎಂದೆ.

"ಯಾವ್ದು ಇಡಬೇಕ್ರಿ?"

ಬಟ್ಟೆಯ ಮೇಲೆ ಸಾಲಾಗಿ ಇಟ್ಟದ್ದನ್ನು ಒಂದೊಂದೇ ಎತ್ತಿ ನೋಡಿದೆ... ನನಗೆ ತಿಳಿಯಲಿಲ್ಲ. ನಾಳೆ ಹೇಳುತ್ತೇನೆ ಎಂದು ಬಂದೆ. ಇವತ್ತಿಗೆ ಆರು ದಿನವಾಯಿತು. ಇಂಜಿನ್ ಇನ್ನೂ ಬಿಚ್ಚಿದ್ದು ಬಿಚ್ಚಿದಂತೆಯೇ ಇದೆ, ಕೇಳಬೇಕಾದವರು ಮಕ್ತಲಿನಲ್ಲಿಲ್ಲ.