ಕರೆಂಟ್ ಹೋದಾಗ ಕೇಳಿದ ಹೆಸರು

ಇಂಥ ಮಾತುಗಳನ್ನು ನಾನು ನಂಬಿದವನಲ್ಲ. ಬಸವಕಲ್ಯಾಣದ ಮಾರುಕಟ್ಟೆಯಲ್ಲಿ ನನ್ನದು ಪಾತ್ರೆ ಅಂಗಡಿ. ಸೈಕಲ್ಲಿನ ಹಿಂದೆ ಸ್ಟೀಲಿನ ಡಬ್ಬಿ, ತಟ್ಟೆ ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗಿ, ಹಳೆಯ ಸೀರೆ ತೆಗೆದುಕೊಂಡು ಪಾತ್ರೆ ಕೊಟ್ಟು, ಹಾಗೆ ಮೇಲೆ ಬಂದವನು. ಮಾಲನ್ನು ಕೈಯಲ್ಲಿ ಹಿಡಿದು, ಬೆರಳಿನಿಂದ ಬಡಿದು, ಸಪ್ಪಳ ಕೇಳುವತನಕ ಯಾರ ಮಾತನ್ನೂ ಒಪ್ಪಿಕೊಳ್ಳುವುದಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಕುಳಿತು ಯಾರಾದರೂ ದೆವ್ವ ಕಂಡ ಕಥೆ ಶುರು ಮಾಡಿದರೆ, "ತಗೊಂಡು ಬರ್ರಿ, ತಕ್ಕಡ್ಯಾಗ ಇಟ್ಟು ನೋಡೋಣು" ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಈಗ ನಾನೇ ಅಂಥದೊಂದನ್ನು ಹೇಳಲು ಕುಳಿತಿದ್ದೇನೆ. ನಗುವವರು ನಗಲಿ, ಬೇಜಾರಿಲ್ಲ.

ಅದಕ್ಕೂ ಮೊದಲು ನನ್ನ ಹೆಂಡತಿಯ ಬಗ್ಗೆ ಎರಡು ವಿಷಯ ಗೊತ್ತಿರಬೇಕು. ಕಸ್ತೂರಿ ಹುಮನಾಬಾದಿನವಳು. ಅವಳಿಗೆ ದಮ್ಮು ಇದೆ. ಧೂಳು, ಹೊಗೆ ತಾಗಿದರೆ ಉಸಿರು ಕಟ್ಟುತ್ತದೆ. ಡಾಕ್ಟರು ಬಾಯಿಗೆ ಹಿಡಿದು ಒತ್ತುವ ಪಂಪು ಕೊಟ್ಟಿದ್ದರು. ಅದನ್ನು ಅವಳು ಎಲ್ಲೆಂದರಲ್ಲಿ ಮರೆಯುತ್ತಾಳೆಂದು ಮನೆಯಿಂದ ಹೊರಗೆ ಬಿದ್ದರೆ ಅದು ನನ್ನ ಅಂಗಿಯ ಜೇಬಿನಲ್ಲೇ ಇರುತ್ತಿತ್ತು.

ಎರಡನೆಯದು, ಅವಳು ನನ್ನ ಹೆಸರು ಹೇಳುವುದಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಅವಳ ಅಜ್ಜಿ ಕಿವಿಯಲ್ಲಿ ಹಾಕಿದ ಮಾತು. ನಮ್ಮ ಕಡೆ ಬಹಳ ಹೆಂಗಸರು ಹೀಗೆಯೇ ಇದ್ದರು, ಆದರೆ ಮದುವೆಯಲ್ಲಿ ಒಡಪು ಹೇಳುವಾಗಲಾದರೂ ಪದ್ಯದ ನಡುವೆ ಗಂಡನ ಹೆಸರು ಸೇರಿಸಿ ಹೇಳುತ್ತಿದ್ದರು. ಕಸ್ತೂರಿ ಅಲ್ಲಿಯೂ ತಪ್ಪಿಸಿಕೊಂಡಳು. ಮನೆ ತುಂಬಿಸಿಕೊಳ್ಳುವ ದಿನ ನನ್ನ ಅಕ್ಕ ಬಾಗಿಲಲ್ಲಿ ಅಡ್ಡ ನಿಂತು, ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದಾಗ, ಇವಳು ಅಕ್ಕನ ಕಿವಿಯಲ್ಲಿ ಏನೋ ಉಸುರಿ ಒಳಗೆ ನುಸುಳಿಬಿಟ್ಟಳು. ಅಕ್ಕ "ಹೇಳಿದಳು" ಎಂದಳು. ನನ್ನ ಕಿವಿಗಂತೂ ಬೀಳಲಿಲ್ಲ. ಅವಳು ನನ್ನನ್ನು ಕರೆಯುವುದು "ರೀ" ಎಂದು. ದೂರದಲ್ಲಿದ್ದರೆ "ಏನ್ರೀ", ಸಿಟ್ಟು ಬಂದಿದ್ದರೆ ಗೋಡೆಯ ಕಡೆ ತಿರುಗಿ "ಕೆಲವ್ರಿಗೆ ಹೇಳಿದ್ರ ತಿಳಿಯಂಗಿಲ್ಲ". ಅವಳೇ ಹೇಳದ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸು ಇರಬೇಕು. ಮೊಬೈಲು ಇನ್ನೂ ನಮ್ಮಂಥವರ ಕೈಗೆ ಬಂದಿರಲಿಲ್ಲ. ದೀಪಾವಳಿಗೆ ಮಕ್ಕಳನ್ನು ಕರೆದುಕೊಂಡು ಹುಮನಾಬಾದಿನ ಅತ್ತೆಯ ಮನೆಗೆ ಹೋಗಿದ್ದೆವು. ಅಳಿಯಂದಿರು, ಮೊಮ್ಮಕ್ಕಳು ಸೇರಿ ಮನೆ ಗಿಜಿಗುಡುತ್ತಿತ್ತು. ಕಸ್ತೂರಿ ಅಡಿಗೆಮನೆಯಲ್ಲಿ, ನಾನು ಪಡಸಾಲೆಯಲ್ಲಿ, ದಿನಗಟ್ಟಲೆ ಮುಖ ನೋಡುವುದೇ ಅಪರೂಪ. ಅದನ್ನು ಗಮನಿಸಿದವಳು ಅವಳ ತಂಗಿ ಜಗದೇವಿ. ಹೈದರಾಬಾದಿನ ಹೊರಗೆ ಆಗ ಹೊಸದಾಗಿ ದೊಡ್ಡ ಪಾರ್ಕು ಆಗಿತ್ತು. ನೀರಿನಾಟ, ಆಕಾಶಕ್ಕೇರುವ ತೊಟ್ಟಿಲು, ಪುಟಾಣಿ ರೈಲು. ಅವಳು ನೋಡಿ ಬಂದಿದ್ದಳು.

"ಮಾಮಾ, ಅಕ್ಕನ್ನ ಒಂದಿನ ಅಲ್ಲಿಗಿ ಕರ್ಕೊಂಡು ಹೋಗ್ರಿ. ಲಗ್ನ ಆದಾಗಿಂದ ಪಾತ್ರಿ ಬಿಟ್ಟು ಏನರ ತೋರಿಸೀರಿ ಅಕಿಗಿ?"

"ಹುಡುಗರನ್ನ ಬಿಟ್ಟು ಹ್ಯಾಂಗ ಹೋಗಾದು?" ಎಂದಳು ಕಸ್ತೂರಿ.

ಅತ್ತೆ ಒಳಗಿನಿಂದಲೇ ತೀರ್ಪು ಕೊಟ್ಟರು. "ಹುಡುಗರು ನನ್ನ ಹತ್ರ ಇರ್ತಾವ. ಇಬ್ಬರೂ ಹೋಗಿ ಬರ್ರಿ. ಹಬ್ಬದಾಗ ಒಂದಿನ ನಕ್ಕೊಂತ ಇದ್ರ ಏನೂ ಹಾಳಾಗಂಗಿಲ್ಲ."

ಮರುದಿನ ಬೆಳಿಗ್ಗೆಯ ಬಸ್ಸಿಗೆ ಹೊರಟೆವು. ಕಸ್ತೂರಿ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಒಂದು ಡಬ್ಬಿ ಕರಚಿಕಾಯಿ ಕಟ್ಟಿಕೊಂಡಿದ್ದಳು. ನೀವೂ ಇಂಥ ಕಡೆ ಹೋಗುವುದಾದರೆ ಬುತ್ತಿ ಕಟ್ಟಿಕೊಂಡೇ ಹೋಗಿ, ಒಳಗೆ ಸಿಗುವುದು ಬಾಯಿಗೂ ಸರಿಯಿಲ್ಲ, ಜೇಬಿಗೂ ಸರಿಯಿಲ್ಲ. ಬಾಗಿಲಲ್ಲಿ ಕಾವಲಿನವನು ಬುತ್ತಿ ಒಳಗೆ ಬಿಡುವುದಿಲ್ಲ ಎಂದ. ನಾನು ಪಂಪು ತೆಗೆದು ತೋರಿಸಿ, "ಭಾಯ್, ಪೇಷಂಟ್ ಕಾ ಖಾನಾ ಹೈ" ಎಂದೆ. ಅವನು ಕರಚಿಕಾಯಿಯ ಡಬ್ಬಿಯನ್ನು ನೋಡಿದ, ಕಸ್ತೂರಿಯನ್ನು ನೋಡಿದ. ಒಂದು ಕರಚಿಕಾಯಿ ಅವನ ಕೈಗೆ ಹೋಯಿತು, ಬುತ್ತಿ ಒಳಗೆ ಬಂತು.

"ನಿಮ್ಮ ಕೂಡ ಎಲ್ಲಿ ಹೋದರೂ ಮಾನ ಹೋಗ್ತದ ನೋಡ್ರಿ" ಎಂದಳು ಅವಳು, ಸೆರಗು ಬಾಯಿಗೆ ಹಿಡಿದು ನಗುತ್ತ.

ಆ ದಿನ ಬಹಳ ಚೆನ್ನಾಗಿತ್ತು. ಪುಟಾಣಿ ರೈಲಿನಲ್ಲಿ ಮಕ್ಕಳ ನಡುವೆ ಮೊಣಕಾಲು ಮಡಚಿ ಕುಳಿತೆವು. ದೊಡ್ಡ ತೊಟ್ಟಿಲಿನಲ್ಲಿ ಮೇಲೆ ಹೋದಾಗ ಅವಳು ನನ್ನ ತೋಳು ಹಿಡಿದಳು. ಊರಿನಲ್ಲಿ ನಾಲ್ಕು ಜನರೆದುರು ಹಾಗೆ ಹಿಡಿದವಳಲ್ಲ. ನಾನು ತಮಾಷೆಗೆ, "ಈಗ ಹೆಸರು ಹೇಳು, ಇಲ್ಲಂದ್ರ ಕೆಳಗ ಇಳ್ಯಾಕ ಬಿಡಂಗಿಲ್ಲ" ಎಂದೆ. ಅವಳು ಕಣ್ಣು ಮುಚ್ಚಿಕೊಂಡೇ, "ಇಲ್ಲೇ ಇರ್ತೀನಿ ತಗೋರಿ, ಅಡಿಗಿ ಮಾಡಾದರ ತಪ್ಪತದ" ಎಂದಳು. ಮಧ್ಯಾಹ್ನ ಬೇವಿನ ಮರದ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಹರಟೆ ಮುಗಿಯಲೇ ಇಲ್ಲ. ಇಬ್ಬರಿಗೂ ಇಷ್ಟು ಮಾತು ಎಲ್ಲಿತ್ತೋ ಎನಿಸಿತು.

ಊಟವಾದ ಮೇಲೆ ಅವಳು ಕಾಲು ಚಾಚಿ ಕುಳಿತಳು. ಬಾಗಿಲ ಹತ್ತಿರ ಆಟಿಕೆ, ಟೊಪ್ಪಿಗೆ ಮಾರುವ ಅಂಗಡಿಗಳಿದ್ದವು. "ಹುಡುಗರಿಗಿ ಏನರ ತಗೊಂಡು ಬರ್ರಿ, ನಾ ಇಲ್ಲೇ ಇರ್ತೀನಿ" ಎಂದಳು. ನಾನು ಹೋದೆ. ಹೋಗುವಾಗ, ಕಳೆದುಹೋದ ಮಕ್ಕಳ ಹೆಸರು ಮೈಕಿನಲ್ಲಿ ಕೂಗುವ ಚಿಕ್ಕ ಕೋಣೆಯ ಮುಂದೆ ಹಾದುಹೋದದ್ದು ನೆನಪಿದೆ. ಬೆಳಗಿನಿಂದ ಕಂಬ ಕಂಬಕ್ಕೂ ಕಟ್ಟಿದ ಭೋಂಗಾಗಳಲ್ಲಿ ಹಾಡು, ಹಾಡಿನ ನಡುವೆ ಯಾವುದೋ ಮಗುವಿನ ಹೆಸರು, ಮತ್ತೆ ಹಾಡು.

ಟೊಪ್ಪಿಗೆಯ ಅಂಗಡಿಯವನು ಒಂದೇ ರೇಟು ಎಂದು ಹಲಗೆ ತೂಗುಹಾಕಿದ್ದ. ಅಂಥ ಹಲಗೆ ಕಂಡರೆ ನನಗೆ ಹುರುಪು ಬರುತ್ತದೆ. ಹಾಗೆ ಬರೆದವನು ಬಗ್ಗುತ್ತಾನೆ, ಬಗ್ಗದವನು ಬರೆಯುವುದಿಲ್ಲ. ಚೌಕಾಸಿಯಲ್ಲಿ ಅವಸರ ಮಾಡಬಾರದು, ಮಾಲಿನ ಮೇಲೆ ಆಸೆ ಮುಖದಲ್ಲಿ ಕಾಣಬಾರದು. ನಾನು ಟೊಪ್ಪಿಗೆ ಕೆಳಗಿಟ್ಟು, ಮತ್ತೆ ಎತ್ತಿ, ದಾರ ಎಳೆದು ನೋಡಿ, ಅವನು ರೇಟಿನಲ್ಲಿ ಒಂದು ಮೆಟ್ಟಿಲು ಇಳಿದು ಇನ್ನೊಂದಕ್ಕೆ ಬಾಯಿ ತೆರೆಯುವಷ್ಟಕ್ಕೆ ತಂದಿದ್ದೆ.

ಅಷ್ಟರಲ್ಲಿ ಕರೆಂಟ್ ಹೋಯಿತು. ಹಾಡು ಗಕ್ಕನೆ ನಿಂತಿತು. ದೊಡ್ಡ ತೊಟ್ಟಿಲು ನಿಧಾನವಾಗಿ ನಿಂತದ್ದು ಕಂಡಿತು, ಮೇಲೆ ಸಿಕ್ಕಿಕೊಂಡವರು ಕೂಗುತ್ತಿದ್ದರು. ಹಾಡಿಲ್ಲದ ಆ ಹೊತ್ತಿನಲ್ಲಿ ನನ್ನ ತಲೆಯ ಮೇಲಿನ ಭೋಂಗಾದಿಂದ ಯಾರೋ ನನ್ನ ಹೆಸರು ಹೇಳಿದರು. ಬರೀ ಹೆಸರು. ಅಪ್ಪನ ಹೆಸರಿಲ್ಲ, ಊರಿಲ್ಲ, ಎಲ್ಲಿದ್ದರೂ ಬನ್ನಿ ಎಂಬ ಮಾತಿಲ್ಲ. ದನಿ ಕಸ್ತೂರಿಯದು.

ಅವಳದೇ ಎಂದು ಹೇಗೆ ಗೊತ್ತಾಯಿತು ಎಂದು ಓದುವವರು ಈಗ ಕೇಳುವುದು ನನಗೆ ಗೊತ್ತು. ನಾನು ಜೀವನವೆಲ್ಲ ಪಾತ್ರೆ ಬಡಿದು ಬದುಕಿದವನು. ಕಣ್ಣು ಮುಚ್ಚಿ ಬಡಿದರೂ ಕಂಚು ಯಾವುದು, ಹಿತ್ತಾಳೆ ಯಾವುದು, ಎಲ್ಲಿ ಕೂದಲೆಳೆಯಷ್ಟು ಬಿರುಕಿದೆ ಎಂದು ಹೇಳುತ್ತೇನೆ. ಮನೆಯಲ್ಲಿ ದಿನಾ ಕೇಳುವ ದನಿಯಲ್ಲಿ ನನ್ನ ಕಿವಿ ತಪ್ಪುವುದಿಲ್ಲ. ಅದು ಅವಳದೇ. ದಮ್ಮಿನ ಎಳೆತ ಒಂದಿಷ್ಟೂ ಇರಲಿಲ್ಲ. ಹಿತ್ತಲಿನಲ್ಲಿ ನಿಂತು ಪಕ್ಕದ ಮನೆಯವರನ್ನು ಕರೆಯುವಷ್ಟು ತಿಳಿಯಾಗಿತ್ತು. ಎರಡು ಸಲ ಕರೆಯಿತು.

ಟೊಪ್ಪಿಗೆ ಬಿಟ್ಟು ಓಡಿದೆ. ಕುದುರುತ್ತಿದ್ದ ವ್ಯಾಪಾರವನ್ನು ಅರ್ಧಕ್ಕೆ ಬಿಟ್ಟದ್ದು ನನ್ನ ಆಯುಷ್ಯದಲ್ಲಿ ಅದೊಂದೇ. ಬೇವಿನ ಮರದ ಕಡೆ ಹೋಗಲಿಲ್ಲ. ಮೈಕಿನಲ್ಲಿ ಕರೆದಳೆಂದರೆ ಮೈಕಿನ ಕೋಣೆಯಲ್ಲೇ ಇರಬೇಕೆಂದು ನೇರ ಅಲ್ಲಿಗೇ ಹೋದೆ.

ಇದ್ದಳು. ಕುರ್ಚಿಯ ಮೇಲೆ ಮುಂದಕ್ಕೆ ಬಾಗಿ, ಎರಡೂ ಕೈ ಮೊಣಕಾಲಿಗೆ ಊರಿ, ಭುಜ ಎತ್ತಿ ಎತ್ತಿ ಉಸಿರು ಎಳೆಯುತ್ತಿದ್ದಳು. ತುಟಿ ನೀಲಿಗಟ್ಟಿತ್ತು. ಜೇಬಿನಿಂದ ಪಂಪು ತೆಗೆದು ಬಾಯಿಗೆ ಹಿಡಿದೆ. ಒತ್ತಿದೆ, ತಡೆದೆ, ಮತ್ತೆ ಒತ್ತಿದೆ. ಕಣ್ಣು ಮೇಲೆತ್ತಿ ನನ್ನನ್ನು ನೋಡಿದ ಮೇಲೆ ಅಲ್ಲೇ ನೆಲದ ಮೇಲೆ ಕುಳಿತೆ.

ಆದದ್ದಿಷ್ಟು. ನಾನು ಹೋದ ಮೇಲೆ ಹತ್ತಿರದ ಕಟ್ಟೆಯ ಮೇಲೆ ಹಾಡು-ಕುಣಿತ ಶುರುವಾಗಿ, ಅದಕ್ಕೆಂದು ಬಿಳಿ ಹೊಗೆ ಬಿಟ್ಟಿದ್ದರು. ಅದು ಇವಳ ಕಡೆಗೇ ಬಂತು. ಇವಳು ನನ್ನನ್ನು ಹುಡುಕಲು ಎದ್ದು ನಡೆಯುವಾಗ ಉಸಿರು ಸಿಕ್ಕಿಕೊಂಡಿತು, ಯಾರೋ ಹೆಂಗಸು ಕೈಹಿಡಿದು ಈ ಕೋಣೆಗೆ ತಂದು ಕೂರಿಸಿದ್ದಳು.

ಮೈಕಿನ ಹುಡುಗಿ ನನ್ನ ಮೇಲೆ ಸಿಡುಕಿದಳು. ಅವಳದು ಹೈದರಾಬಾದಿನ ಹಿಂದಿ, ನಮಗೆ ತಿಳಿಯುವಂಥದೇ. "ಎಷ್ಟು ಸಲ ಕೇಳಿದೆ, ಹೆಸರೇ ಹೇಳಲಿಲ್ಲ ಇವರು. ಪಾತ್ರೆ ಅಂಗಡಿಯವರು ಅಂತಾರೆ, ಮಕ್ಕಳ ತಂದೆ ಅಂತಾರೆ. ಏನಂತ ಕೂಗಲಿ? ಆಮೇಲೆ ಕರೆಂಟೇ ಹೋಯ್ತು."

"ಮತ್ತೆ ಈಗ ಕೂಗಿದ್ದು?" ಎಂದೆ.

"ಯಾರು ಕೂಗಿದರು? ಮೈಕ್ ಬಂದ್ ಇದೆ ನೋಡಿ" ಎಂದು ಪೆಟ್ಟಿಗೆಯನ್ನು ತಟ್ಟಿ ತೋರಿಸಿದಳು. ಅದರ ಕೆಂಪು ದೀಪ ಆರಿತ್ತು. ಜನರೇಟರ್ ಗುಡುಗುಡು ಎಂದು ಶುರುವಾಗಿ ಆ ದೀಪ ಹತ್ತಿದ್ದು, ನಾನು ಆ ನೆಲದ ಮೇಲೆ ಕುಳಿತು ಸಾಕಷ್ಟು ಹೊತ್ತಾದ ಮೇಲೆ.

ಉಸಿರು ಹದಕ್ಕೆ ಬಂದ ಮೇಲೆ ಕಸ್ತೂರಿಯನ್ನು ಕೇಳಿದೆ. "ನೀ ನನ್ನ ಹೆಸರು ಹಿಡಿದು ಕರದಿ?"

"ಉಸರೇ ಇರಲಿಲ್ರಿ."

"ಜೀವ ಹೋಗೋ ಹೊತ್ತಿನ್ಯಾಗರ ಆ ಹುಡುಗಿಗಿ ಹೆಸರು ಹೇಳಬಾರದೇನ?"

ಅವಳು ನನ್ನ ಅಂಗಿಯ ಜೇಬನ್ನೇ ನೋಡುತ್ತ ಕುಳಿತಿದ್ದಳು. "ನಂದು ಹೋಗಾಕತ್ತಿತ್ತು. ನಿಮ್ಮದೂ ಯಾಕ ಕಡಿಮಿ ಮಾಡಲಿ?"

ಅವಳ ಮಗ್ಗುಲಿಗಿದ್ದ ಬುತ್ತಿಯ ಗಂಟಿನಿಂದ ಕರಚಿಕಾಯಿಯ ಡಬ್ಬಿ ತೆಗೆದು ಒಂದು ಮುರಿದು ಅವಳ ಬಾಯಿಗಿಟ್ಟೆ. ಮೈಕಿನ ಹುಡುಗಿ ಮುಖ ಆಚೆ ತಿರುಗಿಸಿಕೊಂಡಳು.

ಹೊರಡುವಾಗ ಟೊಪ್ಪಿಗೆಯವನ ಹತ್ತಿರ ಹೋದೆ. ಕರೆಂಟ್ ಹೋದಾಗ ಭೋಂಗಾದಲ್ಲಿ ಯಾರದಾದರೂ ಹೆಸರು ಕೇಳಿತೇ ಎಂದು ವಿಚಾರಿಸಿದೆ. ಅವನು ನನ್ನ ಮುಖವನ್ನೇ ನೋಡಿದ. ಹೆಸರು ಏನೂ ಕೇಳಲಿಲ್ಲ, ನೀವು ಒಮ್ಮೆಲೇ ಓಡಿದಿರಿ, ಇದೂ ಚೌಕಾಸಿಯ ಒಂದು ಪಟ್ಟು ಇರಬೇಕು ಅಂದುಕೊಂಡೆ ಎಂದ. ಅವನು ಹೇಳಿದ ರೇಟಿಗೇ ಟೊಪ್ಪಿಗೆ ತೆಗೆದುಕೊಂಡೆ. ಕಸ್ತೂರಿ ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದಳು.

ಸಂಜೆಯ ಬಸ್ಸಿನಲ್ಲಿ ಅವಳು ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ನಾನು ದಾರಿಯುದ್ದಕ್ಕೂ ಅವಳ ಉಸಿರು ಕೇಳುತ್ತ ಕುಳಿತಿದ್ದೆ. ಹುಮನಾಬಾದಿನಲ್ಲಿ ಜಗದೇವಿ ಬಾಗಿಲಲ್ಲೇ ಹಿಡಿದು, "ಏನೇನು ನೋಡಿದ್ರಿ ಮಾಮಾ?" ಎಂದಳು. ತೊಟ್ಟಿಲು, ರೈಲು ಎಂದೆ. ಟೊಪ್ಪಿಗೆ ತೆಗೆದು ಮಕ್ಕಳ ತಲೆಗೆ ಹಾಕಿದೆ.

ನಾನು ಲೆಕ್ಕಕ್ಕೆ ಬಾರದ್ದನ್ನು ಸುಮ್ಮನೆ ಬಿಡುವವನಲ್ಲ, ಎಲ್ಲ ಕಡೆಯಿಂದಲೂ ಬಡಿದು ನೋಡಿದ್ದೇನೆ. ನನ್ನ ಹೆಸರು ನಮ್ಮ ಕಡೆ ಓಣಿಗೊಬ್ಬರಿಗಿದೆ, ಹಬ್ಬದ ರಜೆಯಲ್ಲಿ ಬೀದರ ಜಿಲ್ಲೆಯ ಜನ ಅಲ್ಲಿ ಬೇಕಾದಷ್ಟು ಬಂದಿದ್ದರು, ಯಾರೋ ಹೆಂಗಸು ತನ್ನ ಮಗನನ್ನು ಕರೆದಿರಬಹುದು. ಆಗಲಿ. ಆದರೆ ದನಿ ಮೇಲಿನಿಂದ ಏಕೆ ಬಂತು? ಕಸ್ತೂರಿಯದೇ ಏಕೆ ಆಯಿತು? ಅವಳು ಬಾಯಿ ಬಿಡದೆ ಮನಸ್ಸಿನಲ್ಲೇ ಕೂಗಿಕೊಂಡಿದ್ದಳೇನೋ ಎಂದು ಒಮ್ಮೆ ಕೇಳಿದೆ. "ಮನಸಿನ್ಯಾಗೂ ನಾ ರೀ ಅಂತೇ ಅಂತೀನಿ" ಎಂದಳು. ಅಲ್ಲಿಗೆ ಆ ದಾರಿಯೂ ಮುಚ್ಚಿತು.

ಮುಂದಿನ ವರ್ಷಗಳಲ್ಲಿ ನಾನು ಅವಳ ಹತ್ತಿರ ಮಾಡಿದಷ್ಟು ಚೌಕಾಸಿಯನ್ನು ಯಾವ ವ್ಯಾಪಾರಿಯ ಹತ್ತಿರವೂ ಮಾಡಿಲ್ಲ. ಒಂದೇ ಸಲ ಹೇಳು, ಬಾಗಿಲು ಮುಚ್ಚಿ ಹೇಳು, ಅದೇ ದನಿಯೋ ಅಲ್ಲವೋ ನೋಡುತ್ತೇನೆ ಎಂದೆ. ಇಳಕಲ್ ಸೀರೆಯ ಆಸೆ ತೋರಿಸಿದೆ. ಸೀರೆ ತೆಗೆದುಕೊಂಡಳು, ಹೆಸರು ಹೇಳಲಿಲ್ಲ. ವೋಟಿನ ಪಟ್ಟಿಗೆ ಹೆಸರು ಬರೆಯಲು ಬಂದವರಿಗೆ ಮಗನ ಕಡೆ ಬೆರಳು ತೋರಿಸಿದಳು. ಮೊಬೈಲು ಬಂದಾಗ ನನ್ನ ನಂಬರಿಗೆ ಮಗಳಿಂದ "ಅಂಗಡಿ" ಎಂದು ಹಾಕಿಸಿಕೊಂಡಳು.

ಒಂದು ದಿನ ನಾನು ಬಹಳ ಹಟ ಮಾಡಿದಾಗ, ರೊಟ್ಟಿ ಬಡಿಯುವ ಕೈ ನಿಲ್ಲಿಸದೆ, "ಒಮ್ಮೆ ಕೇಳೀರಲ್ಲ, ಬಂದೀರಲ್ಲ. ಮತ್ತ ಯಾಕ ಬೇಕು?" ಎಂದಳು. ಆಮೇಲೆ ನಾನು ಕೇಳುವುದನ್ನು ಬಿಟ್ಟೆ. ಅವಳು ಹೇಳಿದಾಗ ಅದೇ ದನಿಯಾಗಿದ್ದರೆ ಏನು ಮಾಡುವುದು, ಅದಲ್ಲದಿದ್ದರೆ ಏನು ಮಾಡುವುದು? ಪಂಪು ಮಾತ್ರ ಈಗ ಎರಡು ತರುತ್ತೇನೆ. ಒಂದು ನನ್ನ ಜೇಬಿಗೆ, ಇನ್ನೊಂದು ದಾರ ಕಟ್ಟಿ ಅವಳ ಕೊರಳಿಗೆ. ಮನೆಯಲ್ಲಿ ದಮ್ಮಿನವರಿದ್ದರೆ ನೀವೂ ಹಾಗೇ ಮಾಡಿ.

ನಮ್ಮ ಮಾರುಕಟ್ಟೆಯಲ್ಲಿ ಕರೆಂಟ್ ಹೋಗುವುದೇನೂ ಹೊಸದಲ್ಲ. ಫ್ಯಾನು ನಿಲ್ಲುತ್ತದೆ, ಎದುರಿನ ಮೊಬೈಲು ಅಂಗಡಿಯ ಹಾಡು ನಿಲ್ಲುತ್ತದೆ. ಆಗ ಎಂಥ ಚೌಕಾಸಿ ನಡೆದಿದ್ದರೂ ನಾನು ಮಾತು ನಿಲ್ಲಿಸಿ, ಕೈಯಲ್ಲಿನ ಕೊಡ ಹಾಗೇ ಹಿಡಿದು, ಸ್ವಲ್ಪ ಹೊತ್ತು ಕಿವಿಗೊಟ್ಟು ನಿಲ್ಲುತ್ತೇನೆ. ಗಿರಾಕಿಗಳು ನಾನು ತಮ್ಮ ರೇಟಿಗೆ ಒಪ್ಪಿಕೊಂಡೆ ಎಂದು ತಿಳಿದು ದುಡ್ಡು ಮುಂದಿಡುತ್ತಾರೆ. ಎಷ್ಟೋ ಸಲ ಒಪ್ಪಿಕೊಂಡೂ ಬಿಟ್ಟಿದ್ದೇನೆ.