ಹಣಿಗೆಯಲ್ಲಿ ಉಳಿದ ಎಳೆಗಳು

ರೋಣದಲ್ಲಿ ನಾನು ಬಾಡಿಗೆಗೆ ಹಿಡಿದಿರುವ ಕೋಣೆಯ ಗೋಡೆಯ ಮೇಲೆ, ಕೋಟು ಸಿಕ್ಕಿಸುವ ಮೊಳೆಯ ಪಕ್ಕದಲ್ಲೇ, ಒಂದು ಹಳೆಯ ಹಣಿಗೆ ತೂಗುತ್ತಿದೆ. ತಲೆ ಬಾಚುವುದಲ್ಲ, ಮಗ್ಗದ್ದು. ಅದರ ಸಂದುಸಂದಿನಿಂದಲೂ ಗೇಣುದ್ದದ ಎಳೆಗಳು ಇಳಿಬಿದ್ದಿವೆ. ನಮ್ಮ ಸಾಲೆಯ ಮಾಸ್ತರರೊಬ್ಬರು ಬಂದಾಗ, "ಇವನ್ನ ಕತ್ತರಿಸಿ ಚೊಕ್ಕ ಮಾಡಬಾರದೇನ್ರಿ?" ಎಂದರು. ನಾನು ಚಹಾದ ಕಪ್ಪನ್ನು ಅವರ ಕೈಗಿತ್ತು ಮಾತು ಮರೆಸಿದೆ. ನಿಮಗಾದರೆ ಹೇಳುತ್ತೇನೆ.

ಸೀರೆ ನೆಯ್ದು ಮುಗಿದಾಗ ನಮ್ಮವರು ಉದ್ದಕ್ಕೆ ಹೂಡಿದ ಹಾಸಿನ ಎಳೆಗಳನ್ನು ಪೂರ್ತಿ ಕತ್ತರಿಸಿ ತೆಗೆಯುವುದಿಲ್ಲ. ಗೇಣಷ್ಟನ್ನು ಹಣಿಗೆಯಲ್ಲೇ ಬಿಟ್ಟು, ಮುಂದಿನ ಹಾಸಿನ ಒಂದೊಂದು ಎಳೆಯನ್ನೂ ಈ ಹಳೆಯ ತುದಿಗೆ ಬೂದಿ ಸೋಕಿದ ಬೆರಳಿನಿಂದ ಹೊಸೆದು ಕೂಡಿಸುತ್ತಾರೆ. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ, ಹೆಂಗಸರ ಕೆಲಸ. ಬರಲಿರುವ ನೂಲಿಗಾಗಿ ಇರುವ ನೂಲು ಕಾದುಕೊಂಡಿರುವ ಈ ಪದ್ಧತಿಯನ್ನು ದುಡಿಮೆ ಎನ್ನಬೇಕೋ, ನಂಬಿಗೆ ಎನ್ನಬೇಕೋ? ಗಜೇಂದ್ರಗಡದ ನಮ್ಮ ಮನೆಯಲ್ಲಿ ಅಪ್ಪ ಅವ್ವರ ಜಗಳವೆಲ್ಲ ಇದೊಂದೇ ಆಗಿತ್ತು.

ನಾವು ಕ್ರಿಸ್ತನ ಒಕ್ಕಲು. ಸತ್ಯವೇದದಲ್ಲಿ ಅಪ್ಪನಿಗೆ ಪೌಲನೆಂದರೆ ಪ್ರಾಣ. ಯೇಸುವಿನ ಮಾತು ಸಾರುತ್ತಲೇ ಗುಡಾರ ಹೊಲಿದು ಉಂಡವನು, ದುಡಿಯಲೊಲ್ಲದವನಿಗೆ ಕೂಳೂ ಇಲ್ಲವೆಂದವನು. "ನಮ್ಮ ಕಸಬಿನಾಂವ" ಎಂದು ಅಪ್ಪ ಎದೆಯುಬ್ಬಿಸುತ್ತಿದ್ದ. ಅವ್ವನಿಗೆ ಬೇಕಾದದ್ದು ಅಡವಿಯ ಹೂಗಳ ಮಾತು: ಅವು ನೂಲುವುದಿಲ್ಲ, ಆದರೂ ಅರಸನಿಗಿಲ್ಲದ ಉಡುಗೆ ಅವಕ್ಕೆ. ಯೇಸುಸ್ವಾಮಿ ಕಂಡ ಆ ಹೂ ಯಾವುದೋ ಅವ್ವನಿಗೇನು ಗೊತ್ತು? ಸವಡಿಯ ದಾರಿಯ ಎರೆಹೊಲದಲ್ಲಿ ಅರಳುವ ಹತ್ತಿಯ ಹೂವೇ ಅದೆಂದು ಅವಳು ಗಟ್ಟಿಯಾಗಿ ನಂಬಿದ್ದಳು. ಓದು ಕಲಿತ ಮೇಲೆ ನನಗೆ ನಗು ಬರಬೇಕಿತ್ತು, ಬರಲಿಲ್ಲ. ತಾನು ನೂಲದೆಯೂ ಊರಿಗೆಲ್ಲ ನೂಲಾಗುವ ಹೂ ಇನ್ನಾವುದಿದೆ?

ನಾನು ಮ್ಯಾಟ್ರಿಕ್ ಮುಗಿಸಿ ಧಾರವಾಡದ ಕಾಲೇಜಿನ ಕನಸು ಕಾಣುತ್ತಿದ್ದ ವರ್ಷ ನೂಲು ಸಿಗದಾಯಿತು. ಮಗ್ಗ ನಿಂತಿತು, ಅದು ಏಳದಿದ್ದರೆ ನನ್ನ ಓದೂ ಅಲ್ಲಿಗೇ ನಿಂತಂತೆ. ಒಂದು ರವಿವಾರ, ಪ್ರಾರ್ಥನೆಯಿಂದ ಮರಳಿದ ಅವ್ವ ಖಾಲಿ ಮಗ್ಗದ ಮುಂದೆ ಕುಳಿತು, ನಾಳೆಯೇ ಹಾಸು ಬರುವುದೆಂಬಂತೆ, ಬೂದಿ ಸಾಣಿಸತೊಡಗಿದಳು. ಅಪ್ಪನಿಗೆ ರೇಗಿತು.

"ನೂಲ ಇಲ್ಲದ ಮನ್ಯಾಗ ಬೂದಿ ಯಾಕ? ಹಣಿಗಿ ಬಿಚ್ಚಿಡು. ನಾಳಿಂದ ನಾನೂ ಇಂವನೂ ಕೂಲಿಗೆ ಹೋಗ್ತೇವಿ."

"ಹೂವಿಗೆ ಅರಿವಿ ತೊಡಿಸಿದಾಂವ ನಮಗೂ ಕೊಡ್ತಾನ್ರಿ."

"ಹೌದೌದು! ನಿನ್ನ ದೇವ್ರು ನೂಲಿನ ಗಂಟ ಹೊತ್ಕೊಂಡು ಬರ್ತಾನ, ದಾರಿ ನೋಡ್ಕೋತ ಕುಂದ್ರು!"

"ಆಂವ ಯಾಕ ಹೊರ್ತಾನ್ರಿ? ಅದಕ್ಕಂತ ನಿಮ್ಮ ಹೆಗಲ ಮಾಡಿಟ್ಟಾನಲ್ಲ!"

ಅಪ್ಪನಿಗೆ ಸಿಟ್ಟೂ ನಗೆಯೂ ಒಟ್ಟಿಗೇ ಬಂದವು. ಮರುದಿನ ನಸುಕಿನಲ್ಲೇ ರುಮಾಲು ಸುತ್ತಿಕೊಂಡು ಹೊರಟುಬಿಟ್ಟ. ಪೇಟೆ ಪೇಟೆ ನೂಲು ಕೇಳುತ್ತ ನರಗುಂದದವರೆಗೂ ಹೋದನಂತೆ. ಅವನು ಬರುವವರೆಗೂ ಅವ್ವ ಹಣಿಗೆಯ ಧೂಳು ಕೊಡವುತ್ತಿದ್ದಳು. ನಾನು ಊರ ಅಗಸಿಯವರೆಗೆ ಹೋಗಿ ಹೋಗಿ ಬರುತ್ತಿದ್ದೆ. ಒಂದು ಸಂಜೆ ಅಪ್ಪ ನೂಲಿನ ಗಂಟು ಹೊತ್ತು ಬಂದು ಅದನ್ನು ಅವ್ವನ ಮುಂದೆ ಇಳಿಸಿ, "ನೋಡು, ಕಾಲ ಸವಿಸಿ ತಂದಾಂವ ನಾನು, ಮತ್ಯಾರೂ ಅಲ್ಲ" ಎಂದ. ಅವ್ವ ಎದ್ದಳು. ಒಳಗಿನಿಂದ ಎಣ್ಣೆ ತಂದು, ಕೆಂಪಾಗಿ ಬಾತಿದ್ದ ಆ ಹೆಗಲಿಗೆ ಸವರತೊಡಗಿದಳು. ತನ್ನ ದೇವರದೊಂದು ಸಾಮಾನನ್ನು ಜೋಪಾನ ಮಾಡುವವಳ ಹಾಗೆ.

ಮಗ್ಗ ಮತ್ತೆ ಮಾತಾಡಿತು. ನಾನು ಧಾರವಾಡಕ್ಕೆ ಹೋದೆ. ಹಾಸ್ಟೆಲಿನಲ್ಲಿ ಪಾತ್ರೆ ತಿಕ್ಕಿ ಓದಿದೆ. ನಮ್ಮ ಮನೆತನದಲ್ಲಿ ಹೆಸರಿನ ಮುಂದೆ ಬಿ.ಎ. ಎಂದು ಬರೆದವನು ನಾನೇ ಮೊದಲಿಗ. ಅದು ನನ್ನ ಬೆವರಿನದು ಎನ್ನಲು ನನಗೆ ಯಾವ ಸಂಕೋಚವೂ ಇಲ್ಲ. ಹಾಗೆಂದು ಅವ್ವನ ಮುಂದೆ ಬೀಗಿ, ಅವಳ ಬಾಯಿಂದ ಅಪ್ಪನಿಗೆ ಕೊಟ್ಟ ಹೆಗಲಿನ ಮಾತಿನಂಥದೇ ಒಂದು ಪೆಟ್ಟು ತಿನ್ನಬೇಕೆಂದು ಎಷ್ಟು ಆಸೆಯಿತ್ತು! ಕೊನೆಯ ಪರೀಕ್ಷೆಗೆ ಮೊದಲೇ ಅವಳು ತೀರಿಕೊಂಡಳು. ಗೆದ್ದ ಮಾತನ್ನು ಇಟ್ಟುಕೊಂಡು ಏನು ಮಾಡಲಿ, ಎದುರಾಡುವವಳೇ ಇಲ್ಲದ ಮೇಲೆ?

ಕೆಚ್ಚುವವರಿಲ್ಲದೆ ಮಗ್ಗವೂ ನಿಂತಿತು. ಅಪ್ಪ ಈ ಹಣಿಗೆಯೊಂದನ್ನೇ ಕಂಕುಳಲ್ಲಿ ಹಿಡಿದು ಮಾಸ್ತರಿಕೆಗೆ ಹೊರಟ ನನ್ನೊಡನೆ ರೋಣಕ್ಕೆ ಬಂದ. ಸಂಜೆ ನನ್ನಿಂದ ಸತ್ಯವೇದ ಓದಿಸುತ್ತಾನೆ. ಪೌಲನನ್ನು ಕೇಳುವುದೇ ಇಲ್ಲ. "ಆ ಹೂವಿಂದ ಓದು" ಎನ್ನುತ್ತಾನೆ. ನಿನ್ನೆ ಓದು ಮುಗಿದ ಮೇಲೆ, "ಆಕಿ ಇದ್ದಿದ್ರ ಈಗ ಪೌಲನ್ನ ಎಬ್ಬಿಸಿ ಜಗಳಾ ತಗೀತಿದ್ದೆ" ಎಂದ.

ಇವತ್ತು ಸಾಲೆಯಿಂದ ಬಂದು ಕೋಟು ಸಿಕ್ಕಿಸುವಾಗ ನನ್ನ ಬೆರಳಿಗೆ ಸೀಮೆಸುಣ್ಣದ ಹುಡಿ ಮೆತ್ತಿತ್ತು, ಅವ್ವನ ಬೆರಳಿನ ಬೂದಿಯ ಹಾಗೆ. ಹಣಿಗೆಯಿಂದ ಇಳಿಬಿದ್ದ ಒಂದೆಳೆಯನ್ನು ಹಿಡಿದು, ಅವಳಂತೆಯೇ ಹೊಸೆದೆ. ಕೂಡಿಸಲು ಎದುರಿಗೆ ಇನ್ನೊಂದು ಎಳೆ ಇರಲಿಲ್ಲ.

"ಬಿಡೋ ತಮ್ಮಾ, ಹಾಂಗ ಇರಲಿ ಅದು," ಎಂದ ಅಪ್ಪ ಹಾಸಿಗೆಯಿಂದ.

ಬಿಟ್ಟೆ. ಗಾಳಿಯಿಲ್ಲದ ಕೋಣೆಯಲ್ಲಿ ಆ ಎಳೆ ತನ್ನ ಹುರಿ ಬಿಚ್ಚಿಕೊಳ್ಳುತ್ತ, ಯಾರನ್ನೋ ಹುಡುಕುವ ಹಾಗೆ, ಸ್ವಲ್ಪ ಹೊತ್ತು ತಿರುಗುತ್ತಲೇ ಇತ್ತು.